ಮರದ ಕ್ಷೌರ ಮಳೆಗೆ ಮೊದಲೇ ಆಗ್ಲಿ

ಉಪ್ಪಿನಕಾಯಿಗೆ ಮಾವಿನಕಾಯಿ ಯಾವಾಗ ತರ್ಬೇಕು, ಸಂಡಿಗೆ ಯಾವ ಬಿಸಿಲಿಗೆ ಇಡ್ಬೇಕು, ಸಂಪು ಯಾವ ತಿಂಗಳು ತೊಳೀಬೇಕು, ಇದನ್ನೆಲ್ಲ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೊಂದು ಕೆಲಸಕ್ಕೂ ಒಂದು ಕಾಲ ಅಂತ ಅಮ್ಮಂದಿರು ನಮ್ಮ ತಲೇಲಿ ಕೂರಿಸಿಬಿಟ್ಟಿದ್ದಾರೆ. ಆದರೆ ಮನೆ ಮುಂದಿನ ಮರದ ಕೊಂಬೆ ಕರೆಂಟ್ ತಂತಿಗೆ ತಾಗ್ತಾ ಇದ್ರೆ, ಅದಕ್ಕೆ ಮಾತ್ರ ನಮ್ಮ ಲೆಕ್ಕದಲ್ಲಿ ಕಾಲವೇ ಇಲ್ಲ. ಗಾಳಿ ಎದ್ದು, ಕಿಡಿ ಹಾರಿ, ಬೀದಿಗೆ ಬೀದಿಯೇ ಕತ್ತಲಾದ ಮೇಲೆ ಮಚ್ಚು ಹುಡುಕ್ತೀವಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದ್ರೆ ಇದೇ.

ನನ್ನ ಅಭಿಪ್ರಾಯ ಇಷ್ಟು: ತಂತಿ ಹತ್ತಿರದ ಕೊಂಬೆ ತೆಗೆಸೋದು ವರ್ಷಕ್ಕೊಂದು ಸಲ, ಶಿವರಾತ್ರಿಗೂ ಯುಗಾದಿಗೂ ನಡುವೆ ಆಗಬೇಕಾದ ಮನೆಕೆಲಸ. ಅದನ್ನ ನಾವು, ಅಂದ್ರೆ ಮರಕ್ಕೆ ನೀರು ಹಾಕೋರು, ಅದರ ಎಲೆ ಗುಡಿಸೋರು, ಮುಂದೆ ನಿಂತು ಮಾಡಿಸಬೇಕು. ಹಾಗೆ ಮಾಡಿದ್ರೆ ಮರಾನೂ ಉಳಿಯುತ್ತೆ, ಕರೆಂಟೂ ಉಳಿಯುತ್ತೆ.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ಜ್ಞಾನಭಾರತಿ ಕಡೆಯ ನಮ್ಮ ಅಡ್ಡರಸ್ತೇಲಿ ಒಂದು ಕಾಗದ ಮನೆಯಿಂದ ಮನೆಗೆ ಹೋಗ್ತಾ ಇದೆ. ಸಾಲಾಗಿರೋ ನಾಲ್ಕು ಹೊಂಗೆ ಮರ ತಂತಿಗೆ ಸಿಕ್ಕಿಕೊಳ್ತಾ ಇದಾವೆ, ಬುಡಸಮೇತ ತೆಗೆಸಿಕೊಡಿ ಅಂತ ಅರ್ಜಿ. ಹತ್ತಾರು ಸಹಿ ಆಗಿದೆ. ನಾನು ಹಾಕಿಲ್ಲ. ಯಾಕೆ ಹಾಕಿಲ್ಲ ಅಂತ ಇಬ್ಬರು ಮೂವರು ಕೇಳಿದ್ರು, ಗೇಟಿನ ಹತ್ರ ನಿಂತು ಅರ್ಧಂಬರ್ಧ ಹೇಳೋದಕ್ಕಿಂತ ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ಮೊದಲು ಒಂದು ಮಾತು. ಸಹಿ ಹಾಕಿದೋರು ಯಾರೂ ಮರದ ಶತ್ರುಗಳಲ್ಲ. ಅವರ ಕಷ್ಟ ನಿಜವಾದ್ದು. ಒಂದು ಮನೇಲಿ ಅತ್ತೆಗೆ ಆಕ್ಸಿಜನ್ ಮೆಷಿನ್ ಇಟ್ಟಿದ್ದಾರೆ, ಕರೆಂಟ್ ಹೋದ್ರೆ ಜೀವ ಬಾಯಿಗೆ ಬರುತ್ತೆ. ಇನ್ನೊಂದು ಮನೆ ಮಗಳು ಮನೆಯಿಂದಲೇ ಕೆಲಸ ಮಾಡ್ತಾಳೆ. ಕಾವೇರಿ ನೀರು ಬರೋ ದಿನವೇ ಕರೆಂಟ್ ಇಲ್ಲದಿದ್ರೆ ಮೋಟಾರ್ ಓಡಲ್ಲ, ಮೇಲಿನ ಟ್ಯಾಂಕ್ ತುಂಬಲ್ಲ. ಅಂಥವರಿಗೆ ಹೋಗಿ "ಮರ ಅಂದ್ರೆ ದೇವರು" ಅಂತ ಉಪದೇಶ ಮಾಡಿದ್ರೆ ಅವರಿಗೆ ಸಿಟ್ಟು ಬರುತ್ತೆ, ಬರಬೇಕಾದ್ದೇ.

ಭಯವೂ ಸುಮ್ಮನೆ ಬಂದದ್ದಲ್ಲ. 2023ರ ನವೆಂಬರ್ 19ರ ಬೆಳಗಿನ ಜಾವ ಕಾಡುಗೋಡಿ ಹೋಪ್ ಫಾರ್ಮ್ ಹತ್ರ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಅವಳ ಒಂಬತ್ತು ತಿಂಗಳ ಕೂಸು ಹೋಗಿಬಿಟ್ರು. ಆ ತಂತೀನ ಮರ ಬೀಳಿಸಿದ್ದಲ್ಲ, ಆದ್ರೂ ತುಂಡಾಗಿ ಬಿದ್ದ ತಂತಿ ಏನು ಮಾಡುತ್ತೆ ಅನ್ನೋದು ಅವತ್ತು ಊರಿಗೇ ಗೊತ್ತಾಯ್ತು. 2024ರ ಜೂನ್ 2ರ ಭಾನುವಾರ ಬೆಂಗಳೂರಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರೀತು, ಜೂನ್ ತಿಂಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಅಷ್ಟು ಬಂದಿರಲಿಲ್ಲ. ಅವತ್ತು ಎಷ್ಟೋ ಮರ, ಕೊಂಬೆ ನೆಲಕ್ಕೆ ಬಂದವು. 2025ರ ಜೂನಲ್ಲಿ ಸ್ಕೂಟರ್ ಮೇಲೆ ಹೋಗ್ತಿದ್ದ ಹುಡುಗನ ತಲೆ ಮೇಲೆ ಒಣಕೊಂಬೆ ಬಿದ್ದು, ಅವನು ಕೆಲವೇ ದಿನದಲ್ಲಿ ತೀರಿಕೊಂಡ. ಇದನ್ನೆಲ್ಲ ಓದಿದ ತಾಯಿ ತನ್ನ ಮನೆ ಮುಂದಿನ ಮರವನ್ನ ಅನುಮಾನದಿಂದ ನೋಡಿದ್ರೆ ತಪ್ಪಿಲ್ಲ.

ಆದರೆ ಆ ಅನುಮಾನದಿಂದ ಬುಡಕ್ಕೇ ಕೊಡಲಿ ಹಾಕೋ ತನಕ ಹೋಗೋ ಮೊದಲು, ತಂತಿಗೂ ಕೊಂಬೆಗೂ ನಿಜವಾಗಿ ಏನು ಜಗಳ ಅಂತ ತಿಳ್ಕೊಳ್ಳೋಣ. ನಮ್ಮ ಬೀದಿ ಕಂಬ ಒಂದ್ಸಲ ತಲೆ ಎತ್ತಿ ನೋಡಿ. ಎಷ್ಟೋ ಕಂಬದಲ್ಲಿ ಎರಡು ಅಂತಸ್ತು ಇರುತ್ತೆ. ಮೇಲುಗಡೆ ಪಿಂಗಾಣಿ ಬಟ್ಟಲಿನಂಥ ಇನ್ಸುಲೇಟರ್ ಮೇಲೆ ಹೋಗೋ ಮೂರು ತಂತಿ 11,000 ವೋಲ್ಟಿನದು, ಟ್ರಾನ್ಸ್‌ಫಾರ್ಮರ್‌ಗೆ ಹೋಗೋದು. ಕೆಳಗಿನ ನಾಲ್ಕೈದು ತಂತಿ ನಮ್ಮ ಮನೆಗಳಿಗೆ ಬರೋದು. ನಮ್ಮ ಪ್ಲಗ್ಗಿಗೆ 230 ವೋಲ್ಟ್ ಬಂದ್ರೂ, ಆ ತಂತಿಗಳಲ್ಲಿ ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400 ವೋಲ್ಟ್ ಮೇಲೇ ಇರುತ್ತೆ. ಕಾಗೆ ಒಂದೇ ತಂತಿ ಮೇಲೆ ಕೂತ್ರೆ ಅದಕ್ಕೇನೂ ಆಗಲ್ಲ. ಆದರೆ ಕೊಂಬೆ ಒಂದು ಕಡೆ ತಂತಿ ಮುಟ್ಟಿ, ಇನ್ನೊಂದು ಕಡೆ ಕಾಂಡದ ಮೂಲಕ ನೆಲ ಮುಟ್ಟಿರುತ್ತೆ. ಹಸಿ ಕೊಂಬೆ, ಅದರ ಮೇಲೆ ಮಳೆ ನೀರು ಬೇರೆ. ಕರೆಂಟ್ ಇಳಿಯೋಕೆ ಅಷ್ಟು ಸಾಕು. ಗಾಳಿಗೆ ಕೊಂಬೆ ಬಡಿದು ಎರಡು ತಂತಿ ಒಂದಕ್ಕೊಂದು ತಾಗಿದ್ರೆ ಕಿಡಿ, ಆಮೇಲೆ ಕತ್ತಲು.

ಇನ್ನೊಂದು ವಿಷಯ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆಳಗಿನ ತಂತಿಗಳಲ್ಲಿ ಒಂದು ನ್ಯೂಟ್ರಲ್. ಕೊಂಬೆ ಬಿದ್ದು ಅದೊಂದೇ ತುಂಡಾದ್ರೆ ಕರೆಂಟ್ ಪೂರ್ತಿ ಹೋಗಲ್ಲ. ಒಂದು ಮನೇಲಿ ಬಲ್ಬು ಮಂಕಾಗುತ್ತೆ, ಇನ್ನೊಂದು ಮನೇಲಿ ಕಣ್ಣು ಕುಕ್ಕೋ ಹಾಗೆ ಉರಿಯುತ್ತೆ, 230 ಬರಬೇಕಾದ ಕಡೆ 400ರ ಹತ್ರ ಬಂದು ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲ ಸುಟ್ಟು ಕೂರುತ್ತೆ. ಗಾಳಿ ಬಂದಾಗ ಲೈಟು ಒಮ್ಮೆ ಮಂಕಾಗಿ ಒಮ್ಮೆ ಜೋರಾದ್ರೆ "ವೋಲ್ಟೇಜ್ ಸರಿಯಿಲ್ಲ" ಅಂತ ಬೈದು ಸುಮ್ಮನಾಗಬೇಡಿ. ತಕ್ಷಣ ಮೈನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ. ಬೆಸ್ಕಾಂನ ಸಹಾಯವಾಣಿ ಅದು, ಹಗಲೂ ರಾತ್ರಿ ಇರುತ್ತೆ.

ಹಾಗಾದ್ರೆ ಜಗಳ ಇರೋದು ಮರಕ್ಕೂ ತಂತಿಗೂ ಅಲ್ಲ, ತಂತಿ ಅಕ್ಕಪಕ್ಕದ ನಾಲ್ಕೈದು ಅಡಿ ಜಾಗಕ್ಕೆ. ಆ ನಾಲ್ಕೈದು ಅಡೀನ ವರ್ಷ ವರ್ಷ ಖಾಲಿ ಇಟ್ಟರೆ ಮುಗೀತು. ಜಾಗದ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. ಮನೆಗೂ ತಂತಿಗೂ ಎಷ್ಟು ದೂರ ಇರಬೇಕು ಅಂತ ನಿಯಮ ಇದೆ: ಮನೆಗೆ ಬರೋ ತಂತಿ ಆಗ್ಲಿ, 11,000 ವೋಲ್ಟಿನದಾಗ್ಲಿ, ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಅಂದ್ರೆ ನಾಲ್ಕು ಅಡಿ. ಮೇಲುಗಡೆ ಸಣ್ಣ ತಂತಿಗೆ 2.5 ಮೀಟರ್, 11,000ಕ್ಕೆ 3.7 ಮೀಟರ್. ನಮ್ಮ ಕಡೆ 30-40 ಸೈಟಿನಲ್ಲಿ ಎಷ್ಟು ಮನೆಯ ಬಾಲ್ಕನಿ ರಸ್ತೆ ಕಡೆ ಮುಂದಕ್ಕೆ ಬಂದಿಲ್ಲ? ಬಟ್ಟೆ ಒಣಹಾಕೋವಾಗ ಕೈ ಚಾಚಿದ್ರೆ ತಂತಿ ಸಿಗೋ ಹಾಗೆ ಕಟ್ಟಿಕೊಂಡಿರೋ ಮನೆಗಳಿವೆ. ಅಲ್ಲಿ ಅಪಾಯ ತಂದದ್ದು ಹೊಂಗೆ ಮರ ಅಲ್ಲ ಕಣ್ರೀ. ಮರ ಎಲ್ಲಿ ನೆಟ್ಟರೋ ಅಲ್ಲೇ ನಿಂತಿದೆ, ನಡೆದು ಬಂದದ್ದು ಗೋಡೆ.

ಈಗ ಕಡಿಯೋ ರೀತಿಗೆ ಬರ್ತೀನಿ, ನನಗೆ ಹೆಚ್ಚು ಸಂಕಟ ಇರೋದು ಅದರಲ್ಲೇ. ಮಳೆ ಹೊಡೆದ ದಿನ ಊರೆಲ್ಲ ಮರ ಬಿದ್ದಿರುತ್ತೆ, ಕೆಲಸದವರು ಬೆಳಗಿನಿಂದ ನೆನೆದು ಸಾಕಾಗಿರ್ತಾರೆ, ಜನ ಸುತ್ತ ನಿಂತು ಬೇಗ ಬೇಗ ಅಂತಿರ್ತಾರೆ. ಅಂಥ ಹೊತ್ತಲ್ಲಿ ಅಂದಚಂದ ನೋಡಿ ಕಡಿಯಿರಿ ಅಂದ್ರೆ ಯಾರಿಗೆ ಆಗುತ್ತೆ? ಕೈಗೆ ಸಿಕ್ಕಿದ್ದನ್ನ ಕೊಚ್ಚಿ ಹೋಗ್ತಾರೆ. ಒಂದು ಪಕ್ಕ ಪೂರ್ತಿ ಬೋಳು, ಇನ್ನೊಂದು ಪಕ್ಕ ಪೂರ್ತಿ ಭಾರ. ಒಂದೇ ಭುಜದ ಮೇಲೆ ಎರಡು ಬಿಂದಿಗೆ ಹೊತ್ತ ಹೆಂಗಸಿನ ಹಾಗೆ ಮರ ವಾಲುತ್ತೆ, ಮುಂದಿನ ಗಾಳಿಗೆ ಬೀಳೋದು ಅದೇ. ಇಲ್ಲ, ಕೂಲಿಯವರನ್ನ ಕರೆಸಿ ತಲೆ ಪೂರ್ತಿ ಹಾರಿಸಿಬಿಡ್ತೀವಿ. ತಲೆ ಹಾರಿಸಿದ ಮರ ಸುಮ್ಮನೆ ಇರಲ್ಲ. ಕಡಿದ ಜಾಗದಲ್ಲಿ ಒಂದರ ಬದಲು ಹತ್ತು ಚಿಗುರು ನೆಟ್ಟಗೆ ಎದ್ದು ಎರಡೇ ವರ್ಷದಲ್ಲಿ ಮತ್ತೆ ತಂತಿ ಮುಟ್ಟುತ್ತೆ. ಆ ಚಿಗುರು ಕೊಂಬೆಗಳು ಹಳೇ ಕೊಂಬೆ ಹಾಗೆ ಕಾಂಡದೊಳಗಿಂದ ಬಂದದ್ದಲ್ಲ, ತೊಗಟೆ ಪಕ್ಕ ಅಂಟಿಸಿದ ಹಾಗೆ ಇರ್ತವೆ, ದಪ್ಪ ಆದ ಮೇಲೆ ಅವೇ ಮುರಿದು ಬೀಳೋದು. ಕಡಿದ ದೊಡ್ಡ ಗಾಯದಲ್ಲಿ ನೀರು ನಿಂತು ಕಾಂಡ ಒಳಗೊಳಗೇ ಕೊಳೆಯುತ್ತೆ. ಅಂದ್ರೆ ಭಯಕ್ಕೆ ಮಾಡಿದ ಕೆಲಸ ಇನ್ನೂ ದೊಡ್ಡ ಭಯ ತಂದಿಡುತ್ತೆ.

ಸರಿಯಾಗಿ ತೆಗೆಯೋದು ಏನೂ ಬ್ರಹ್ಮವಿದ್ಯೆ ಅಲ್ಲ. ತಂತಿ ಕಡೆ ಹೋಗ್ತಿರೋ ಕೊಂಬೇನ ಅರ್ಧಕ್ಕೆ ಮೊಂಡು ಮಾಡೋ ಬದಲು, ಅದು ಎಲ್ಲಿ ಕವಲೊಡೆದಿದೆಯೋ ಅಲ್ಲಿಂದ ತೆಗೀಬೇಕು, ತಂತಿಗೆ ದೂರ ಹೋಗೋ ಕವಲು ಉಳಿಸಬೇಕು. ಮರ ಆ ಕಡೆಗೇ ಬೆಳೆಯೋದು ಕಲಿಯುತ್ತೆ. ಕೊಂಬೆ ಕಾಂಡಕ್ಕೆ ಸೇರೋ ಜಾಗದಲ್ಲಿ ಬಳೆ ಹಾಗೆ ಒಂದು ಉಬ್ಬು ಇರುತ್ತೆ. ಆ ಉಬ್ಬಿಗೆ ಪೆಟ್ಟು ಮಾಡದೆ ಅದರ ಈಚೆಗೆ ಕತ್ತರಿಸಿದ್ರೆ ಗಾಯ ತಾನೇ ಮುಚ್ಕೊಳ್ಳುತ್ತೆ. ದಪ್ಪ ಕೊಂಬೆ ಆದ್ರೆ ಒಂದಡಿ ಈಚೆಗೆ ಮೊದಲು ಕೆಳಗಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಮೇಲಿಂದ ಕತ್ತರಿಸಿ ಭಾರ ಇಳಿಸಿ, ಕೊನೆಗೆ ಉಳಿದ ತುಂಡನ್ನ ಉಬ್ಬಿನ ಹತ್ರ ತೆಗೀಬೇಕು. ಇಲ್ಲದಿದ್ರೆ ಬೀಳೋ ಕೊಂಬೆ ತೊಗಟೆ ಸೀಳಿಕೊಂಡು ಹೋಗುತ್ತೆ. ಇದನ್ನೆಲ್ಲ ನೋಡಿಕೊಂಡು ಮಾಡೋಕೆ ಪುರುಸೊತ್ತು ಬೇಕು. ಪುರುಸೊತ್ತು ಇರೋದು ಮಳೆಗೆ ಮೊದಲು ಮಾತ್ರ.

ಶಿವರಾತ್ರಿ-ಯುಗಾದಿ ಅಂತ ನಾನು ಹೇಳಿದ್ದಕ್ಕೆ ಕಾರಣ ಇದೆ. ಆ ಹೊತ್ತಿಗೆ ಹೊಂಗೆ ಹಳೇ ಎಲೆ ಉದುರಿಸಿರುತ್ತೆ, ಕೊಂಬೆ ಯಾವ ಕಡೆ ಹೋಗಿದೆ ಅಂತ ನಮ್ಮ ಕಣ್ಣಿಗೆ ಕಾಣುತ್ತೆ. ಹೊಸ ಚಿಗುರು ಬರೋ ಮುಂಚೆ ಕತ್ತರಿಸಿದ್ರೆ ಮರಕ್ಕೂ ಸುಧಾರಿಸಿಕೊಳ್ಳೋಕೆ ಅನುಕೂಲ. ಏಪ್ರಿಲ್ ಮೇ ಬಂದ್ರೆ ಕಾಗೆ ಗೂಡು ಕಟ್ಟಿರುತ್ತೆ, ಅದರೊಳಗೆ ಕೋಗಿಲೆ ಮೊಟ್ಟೆ ಇಟ್ಟಿರುತ್ತೆ. ಆಗ ಕೊಂಬೆ ಕಡಿಯೋದು ಬಾಣಂತಿ ಇರೋ ಮನೆ ಮಾಡು ಕಿತ್ತ ಹಾಗೆ. ಕತ್ತರಿಸೋ ಮುಂಚೆ ಯಾವಾಗ್ಲೇ ಆದ್ರೂ ಒಂದ್ಸಲ ಗೂಡಿದೆಯಾ ಅಂತ ನೋಡೋದು ಒಳ್ಳೇದು.

ಕಾನೂನಿನ ಮಾತು ಬಂದ್ರೆ ನಮ್ಮಲ್ಲಿ ಎರಡು ತಪ್ಪು ತಿಳುವಳಿಕೆ ಇದೆ. "ನಮ್ಮ ಕಾಂಪೌಂಡಿನ ಮರ, ನಮ್ಮಿಷ್ಟ" ಅನ್ನೋದು ಒಂದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ 1976ರದ್ದು ಇದೆ, ಅದು ಖಾಸಗಿ ಜಾಗದ ಮರಕ್ಕೂ ಅನ್ವಯ ಆಗುತ್ತೆ. ಅದರಲ್ಲಿ ಮರ ಕಡಿಯೋದು ಅಂದ್ರೆ ಬುಡ ಕತ್ತರಿಸೋದು ಒಂದೇ ಅಲ್ಲ, ಕೊಂಬೆ ಬೋಳಿಸೋದು, ಸುತ್ತ ತೊಗಟೆ ಕೆತ್ತೋದು, ಬೆಂಕಿ ಹಾಕೋದು, ಔಷಧಿ ಹುಯ್ಯೋದು ಎಲ್ಲ ಸೇರಿದೆ. ಹೊಂಗೆ ಬುಡಕ್ಕೆ ಆಸಿಡ್ ಹುಯ್ದು "ತಾನೇ ಒಣಗಿತು" ಅನ್ನೋ ಜಾಣತನ ಕಾನೂನಿನ ಕಣ್ಣಲ್ಲಿ ಅಪರಾಧವೇ. ಆದ್ರೆ ಅದೇ ಕಾಯ್ದೇಲಿ, ಮರ ಸತ್ತಿದ್ರೆ, ರೋಗ ಬಂದಿದ್ರೆ, ಜೀವಕ್ಕೆ ಆಸ್ತಿಗೆ ಅಪಾಯ ಆಗೋ ಹಾಗಿದ್ರೆ ಅನುಮತಿ ಇಲ್ಲ ಅನ್ನೋ ಹಾಗಿಲ್ಲ ಅಂತಲೂ ಇದೆ. ವೃಕ್ಷಾಧಿಕಾರಿ ಅಂತ ಇರ್ತಾರೆ, ಪಾಲಿಕೆ ಅರಣ್ಯ ವಿಭಾಗಕ್ಕೆ ಅರ್ಜಿ ಕೊಟ್ಟರೆ ಬಂದು ನೋಡ್ತಾರೆ. ಅಪಾಯ ನಿಜವಾಗಿದ್ರೆ ಮುಚ್ಚುಮರೆ ಬೇಕಾಗೇ ಇಲ್ಲ.

"ಲೈನಿನವರು ಏನು ಬೇಕಾದ್ರೂ ಕಡೀಬಹುದು" ಅನ್ನೋದು ಎರಡನೇ ತಪ್ಪು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 68ನೇ ಕಲಮು, ತಂತಿಗೆ ಅಡ್ಡಿ ಆಗೋ ಮರಾನ ತೆಗೆಸೋಕೆ ದಾರಿ ಕೊಟ್ಟಿದೆ ನಿಜ. ಮರ ಅಂದ್ರೆ ಪೊದೆ, ಬೇಲಿ, ಬಳ್ಳಿ ತನಕ ಎಲ್ಲ ಬರುತ್ತೆ. ಆದ್ರೆ ಅದಕ್ಕೊಂದು ಕ್ರಮ ಇದೆ: ಕಂಪನಿ ಅರ್ಜಿ ಕೊಡಬೇಕು, ಮ್ಯಾಜಿಸ್ಟ್ರೇಟು ಅಥವಾ ಸರ್ಕಾರ ನೇಮಿಸಿದ ಅಧಿಕಾರಿ ತೀರ್ಮಾನಿಸಬೇಕು. ತಂತಿ ಎಳೆಯೋಕೆ ಮುಂಚೆಯೇ ಆ ಮರ ಅಲ್ಲಿತ್ತು ಅಂದ್ರೆ ಮರದವರಿಗೆ ತಕ್ಕ ಪರಿಹಾರ ಕೊಡಿಸಬೇಕು ಅಂತಲೂ ಬರೆದಿದೆ. ಯಾವುದು ಮೊದಲು ಬಂತು ಅನ್ನೋದಕ್ಕೆ ಕಾನೂನಲ್ಲಿ ಬೆಲೆ ಇದೆ. ಹಿತ್ತಲಲ್ಲಿ ಅಜ್ಜಿ ಕಾಲದ ಮಾವು, ಹಲಸು ಇರೋರು ಹಳೇ ಫೋಟೋ ಜೋಪಾನವಾಗಿ ಇಟ್ಟುಕೊಳ್ಳಿ.

ಈ ಊರಲ್ಲಿ ಕರೆಂಟೂ ಮರವೂ ನೂರು ವರ್ಷದಿಂದ ಒಟ್ಟಿಗೇ ಬಾಳಿಕೊಂಡು ಬಂದಿವೆ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಆಮೇಲೆ ಊರು ಬೆಳೆದು ಬೋಳಾದಾಗ, 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಐದು ವರ್ಷದಲ್ಲಿ 15 ಲಕ್ಷ ಸಸಿ ನೆಡಿಸಿದ್ರು. ಈಗ ನಾವು ನೆರಳಲ್ಲಿ ನಡೆಯೋ ಎಷ್ಟೋ ರಸ್ತೆ ಅವರ ಪುಣ್ಯ. ನಮ್ಮ ಕಡೆಗೆ ವಿಶ್ವವಿದ್ಯಾಲಯದ ಆವರಣವೇ ದೊಡ್ಡ ಶ್ವಾಸಕೋಶ. ಮೆಟ್ರೋ ಸ್ಟೇಷನ್ನಿನಿಂದ ಇಳಿದು ಮಧ್ಯಾಹ್ನ ಎರಡು ಗಂಟೇಲಿ ಆ ಆವರಣದೊಳಗೆ ಹೆಜ್ಜೆ ಇಟ್ಟು, ಆಮೇಲೆ ಮರ ಇಲ್ಲದ ಯಾವುದಾದ್ರೂ ಹೊಸ ಬಡಾವಣೆ ರಸ್ತೇಲಿ ನಡೆದು ನೋಡಿ. ನಾನು ಯಾಕೆ ಸಹಿ ಹಾಕಲಿಲ್ಲ ಅಂತ ನಿಮ್ಮ ನೆತ್ತಿಯೇ ಹೇಳುತ್ತೆ.

"ತಂತಿ ನೆಲದೊಳಗೆ ಹಾಕಿಬಿಟ್ರೆ ಎಲ್ಲ ತಾಪತ್ರಯ ಮುಗೀತಲ್ಲ" ಅಂತಾರೆ. ಬೆಂಗಳೂರಲ್ಲಿ ಎಷ್ಟೋ ಕಡೆ 11,000 ವೋಲ್ಟಿನ ಲೈನ್ ನೆಲದೊಳಗೆ ಹೋಗಿದೆ, ಮನೆಗೆ ಬರೋ ಬರಿ ತಂತಿ ಬದಲು ಜಡೆ ಹೆಣೆದ ಹಾಗಿರೋ ಕಪ್ಪು ಹೊದಿಕೆ ಕೇಬಲ್ ಬಂದಿದೆ. ಒಳ್ಳೇ ಕೆಲಸ, ಕೇಳೋಣ. ಆದ್ರೆ ಗುಂಡಿ ತೋಡೋವಾಗ ಮರದ ಬೇರು ಕತ್ತರಿಸಿ, ಮೇಲೆ ಬುಡದ ತನಕ ಕಾಂಕ್ರೀಟ್ ಹಾಕಿ ಮುಚ್ಚಿದ್ರೆ, ನೋಡೋಕೆ ಹಸಿರಾಗಿರೋ ಮರವೇ ಮುಂದಿನ ಮಳೇಲಿ ಬುಡಮೇಲಾಗುತ್ತೆ. ಗುಂಡಿ ತೋಡೋ ದಿನವೂ ಯಾರಾದ್ರೂ ಒಬ್ಬರು ನಿಂತು ನೋಡಬೇಕು, ಬುಡದ ಸುತ್ತ ಮೂರ್ನಾಲ್ಕಡಿ ಮಣ್ಣು ಬಿಡಿ ಅಂತ ಹೇಳಬೇಕು.

ಹಾಗಾಗಿ ಆ ಕಾಗದದ ಬದಲು ನಾನು ಇನ್ನೊಂದು ಕಾಗದ ಬರೆದಿದ್ದೀನಿ. ನಾಲ್ಕೂ ಮರದ ತಂತಿ ಕಡೆ ಕೊಂಬೆಗಳನ್ನ ಮಳೆಗೆ ಮೊದಲು ತೆಗೆಸಿಕೊಡಿ, ಒಣಗಿದ ಕೊಂಬೆ ಇದ್ರೆ ಅದನ್ನೂ ತೆಗೆಯಿರಿ, ಕಡಿದದ್ದನ್ನ ಅವತ್ತೇ ಎತ್ತಿಸಿ ಅಂತ. ಒಂದು ಪ್ರತಿ ಬೆಸ್ಕಾಂ ಉಪವಿಭಾಗದ ಆಫೀಸಿಗೆ, ಒಂದು ಪ್ರತಿ ಪಾಲಿಕೆ ಅರಣ್ಯ ವಿಭಾಗಕ್ಕೆ. ಎರಡು ಕಡೆಗೂ ಯಾಕೆ ಅಂದ್ರೆ, ತಂತಿ ಒಬ್ಬರದು, ಮರ ಇನ್ನೊಬ್ಬರದು, ಕಡಿದು ಹಾಕಿದ ರಾಶಿ ಯಾರದೂ ಅಲ್ಲ ಅಂತ ಆಗಬಾರದು. ಫೋನ್ ಮಾಡೋರು 1912ಕ್ಕೆ ಮಾಡಿ, ದೂರಿನ ನಂಬರ್ ಕ್ಯಾಲೆಂಡರ್ ಮೇಲೆ ಬರೆದಿಡಿ. ಹಾಲಿನ ಲೆಕ್ಕ ಬರೆಯೋ ಜಾಗದಲ್ಲೇ ಬರೆದ್ರೆ ಮರೆಯಲ್ಲ.

ಕೆಲಸದ ದಿನ ಕರೆಂಟ್ ತೆಗೀತಾರೆ, ಅರ್ಧ ದಿನ ಹೋಗುತ್ತೆ. ಅದಕ್ಕೆ ಗೊಣಗಬಾರದು. ದೋಸೆ ಹಿಟ್ಟು ಹಿಂದಿನ ರಾತ್ರಿಯೇ ರುಬ್ಬಿಟ್ಟುಕೊಳ್ಳೋಣ, ಟ್ಯಾಂಕ್ ತುಂಬಿಸಿಕೊಳ್ಳೋಣ, ಆಕ್ಸಿಜನ್ ಬೇಕಾದವರ ಮನೆಗೆ ಯಾರದ್ದಾದ್ರೂ ಯುಪಿಎಸ್ಸೋ ಸಿಲಿಂಡರೋ ಮೊದಲೇ ಏರ್ಪಾಡು ಮಾಡೋಣ. ಬಂದ ಪವರ್‌ಮ್ಯಾನ್‌ಗಳಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, "ಅಣ್ಣಾ, ಈ ಕವಲು ಉಳಿಸಿ, ಆ ಕವಲು ತೆಗೀರಿ" ಅಂತ ಕೆಳಗೆ ನಿಂತು ಹೇಳಿದ್ರೆ ಕೇಳ್ತಾರೆ. ಜೀವ ಕೈಲಿ ಹಿಡಿದು ಕಂಬ ಹತ್ತೋರು ಅವರು, ಅವರಿಗೂ ಮಳೇಲಿ ಹತ್ತೋದಕ್ಕಿಂತ ಬಿಸಿಲಲ್ಲಿ ಹತ್ತೋದೇ ಕ್ಷೇಮ.

ನಾವಾಗಿ ಮಾಡಬಾರದ್ದೂ ಇದೆ. ಲೈನ್ ಆಫ್ ಆಗದೆ ತಂತಿ ಹತ್ರದ ಮರಕ್ಕೆ ಕೂಲಿ ಹುಡುಗನನ್ನ ಹತ್ತಿಸಬೇಡಿ. ಐನೂರು ರೂಪಾಯಿಗೆ ಯಾರದೋ ಮಗನ ಜೀವ ಪಣಕ್ಕಿಡೋದು ಬೇಡ. ನುಗ್ಗೆಕಾಯಿ, ತೆಂಗಿನಕಾಯಿ ಕೀಳೋಕೆ ಕಬ್ಬಿಣದ್ದೋ ಅಲ್ಯುಮಿನಿಯಂದೋ ದೋಟಿ ತಂತಿ ಹತ್ರ ಎತ್ತಬೇಡಿ, ಹಸಿ ಬಿದಿರು ಗಳವೂ ಬೇಡ. ಬಟ್ಟೆ ಒಣಹಾಕೋ ತಂತೀನ ಕಂಬಕ್ಕೆ ಕಟ್ಟಬೇಡಿ. ತಂತಿ ಬಿದ್ದಿದ್ರೆ ಅದು ಸತ್ತಿದೆ ಅಂತ ನಂಬಬೇಡಿ. ಮೂವತ್ತು ಅಡಿ ದೂರ ನಿಂತು, ಮಕ್ಕಳನ್ನ, ಬೀದಿ ನಾಯೀನ ತಡೆದು, ಫೋನ್ ಮಾಡಿ. ಕೋಲಿನಿಂದ ಸರಿಸೋ ಧೈರ್ಯ ಯಾರೂ ತೋರಿಸಬೇಡಿ.

ಕೊನೇ ಮಾತು ಹೊಸದಾಗಿ ಗಿಡ ಹಾಕೋರಿಗೆ. ತಂತಿ ಇರೋ ಕಡೆ ಪಾರಿಜಾತ, ದಾಸವಾಳ, ಕರಿಬೇವು, ಸೀಬೆ, ನಿಂಬೆ, ನಂದಿಬಟ್ಟಲು ಹಾಕಿ. ಪೂಜೆಗೂ ಆಯ್ತು, ಒಗ್ಗರಣೆಗೂ ಆಯ್ತು, ತಂತಿ ತನಕ ಬರೋದೂ ಇಲ್ಲ. ತಂತಿ ಇಲ್ಲದ ಎದುರು ಪಕ್ಕಕ್ಕೆ ಹೊಂಗೆ, ನೇರಳೆ, ಬೇವು ಹಾಕಿ, ಅವು ತಮ್ಮಿಷ್ಟಕ್ಕೆ ಆಕಾಶ ನೋಡ್ಲಿ. ವನಮಹೋತ್ಸವದ ದಿನ ಫೋಟೋಗೆ ಅಂತ ಸಿಕ್ಕಿದ ಸಸಿ ಸಿಕ್ಕಿದ ಕಡೆ ನೆಟ್ಟರೆ, ಹತ್ತು ವರ್ಷ ಆದ ಮೇಲೆ ಅದನ್ನ ಕಡೀಬೇಕು ಅನ್ನೋ ಕಾಗದಕ್ಕೆ ನಮ್ಮ ಸೊಸೆಯಂದಿರು ಸಹಿ ಹಾಕಬೇಕಾಗುತ್ತೆ.